ಬೇರೆ ಶಾಸ್ತ್ರದ ಪದವೀಧರರೂ ಗಣಕವಿದ್ಯೆಯೂ

ಹೊಸನಗರ ತಾಲ್ಲೂಕಿನ ಹುಂಚವು ಹಿಂದೆ ಪೊಂಬುರ್ಚವೆಂಬ ಹೆಸರಿನಿಂದ ಸಾಂತರ ಅರಸರ ರಾಜಧಾನಿಯಾಗಿದ್ದಿತು. ಅಲ್ಲಿಯ ಪಂಚಕೂಟ ಬಸದಿಯನ್ನು ಚಟ್ಟಲದೇವಿಯು ಕಟ್ಟಿಸಿದ್ದು ಕ್ರಿ.ಶ. ೧೦೭೭ರಲ್ಲಿ, ಎಂದರೆ ಶಕವರ್ಷ ೯೯೯ರಲ್ಲಿ. ಆ ವರ್ಷದ ಸಂವತ್ಸರ ಯಾವುದು? ಪಂಚಾಂಗ ಬಲ್ಲ ಹಿರಿಯರು ಬೆರಳೆಣಿಸಿ ಹೇಳಿಯಾರು. ಬೆರಳೆಣಿಸದೆ ಹೇಳುವ ಉಪಾಯವೂ ಒಂದುಂಟು. ಗತಿಸಿದ ಶಕವರ್ಷಕ್ಕೆ ೧೨ನ್ನು ಕೂಡಿಸಿ ೬೦ರಿಂದ ಭಾಗಿಸಬೇಕು. ಉಳಿಯುವ ಶೇಷವೇ ಪ್ರಭವದಿಂದ ಮೊದಲುಮಾಡಿ ಎಣಿಸಿದಾಗ ದೊರೆಯುವ ಕ್ರಮಸಂಖ್ಯೆ. ೯೯೯ಕ್ಕೆ ೧೨ ಕೂಡಿದರೆ ೧೦೧೧. ೬೦ರಿಂದ ಭಾಗಿಸಿದರೆ ಶೇಷ ೫೧. ಐವತ್ತೊಂದನೆಯದು ಪಿಂಗಳ ಸಂವತ್ಸರ.

ಹೀಗೆ ಒಂದು ಪ್ರಶ್ನೆಗೆ ಉತ್ತರ ದೊರಕಿಸುವ, ಸಂದೇಹಕ್ಕೆ ಎಡೆಯಿಲ್ಲದ, ಕೊನೆಮುಟ್ಟುವ ಹೆಜ್ಜೆಗಳ ಸಾಲಿಗೆ ಆಲ್ಗಾರಿದಮ್ ಎಂದು ಹೆಸರು. ಅದನ್ನು ಗಣಕಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದರೆ ಪ್ರೋಗ್ರಾಮ್ ಆಗುವುದು. ಆದರೆ ಬರೆದ ಮಾತ್ರಕ್ಕೆ ಕೆಲಸ ಮುಗಿಯದು. ಇದೇ ಲೆಕ್ಕವನ್ನು ಶಕವರ್ಷ ೧೦೦೮ಕ್ಕೆ ಮಾಡಿ ನೋಡೋಣ. ೧೨ ಕೂಡಿದರೆ ೧೦೨೦. ೬೦ರಿಂದ ಭಾಗಿಸಿದರೆ ಶೇಷ ಸೊನ್ನೆ. ಸೊನ್ನೆಯ ಸಂಖ್ಯೆಯ ಸಂವತ್ಸರ ಎಲ್ಲಿದೆ? ಮನುಷ್ಯನಾದರೆ ಕ್ಷಣಮಾತ್ರ ತಡೆದು, ಇದು ಅರವತ್ತನೆಯದಾದ ಕ್ಷಯ ಸಂವತ್ಸರವಿರಬೇಕೆಂದು ಊಹಿಸುವನು. ಯಂತ್ರವು ಊಹಿಸುವುದಿಲ್ಲ, ಹೇಳಿದುದನ್ನಷ್ಟೇ ಮಾಡುವುದು. ಶೇಷ ಸೊನ್ನೆಯಾದರೆ ಅದನ್ನು ಅರವತ್ತೆಂದು ತಿಳಿಯಬೇಕೆಂಬ ಮಾತನ್ನು ನಾವೇ ಮುಂಚಿತವಾಗಿ ಬರೆದಿಡಬೇಕು. ಗಣಕವಿದ್ಯೆಯ ಬಹುಪಾಲು ಶ್ರಮ ಇಂಥ ‘ಸೊನ್ನೆ’ಗಳನ್ನು ಹುಡುಕಿ ಹಿಡಿಯುವುದರಲ್ಲಿಯೇ ಕಳೆಯುವುದು.

ಇನ್ನು ಪ್ರಶ್ನೆಯನ್ನು ತಿರುಗಿಸೋಣ. ಶಾಸನವೊಂದರಲ್ಲಿ ಶಕವರ್ಷದ ಭಾಗ ಅಳಿಸಿಹೋಗಿ ‘ಪಿಂಗಳ’ ಎಂಬ ಪದ ಮಾತ್ರ ಉಳಿದಿದೆಯೆಂದು ಭಾವಿಸಿರಿ. ಯಂತ್ರವು ೧೦೧೭, ೧೦೭೭, ೧೧೩೭ ಎಂದು ಅರವತ್ತರ ಅಂತರದಲ್ಲಿ ವರ್ಷಗಳ ಪಟ್ಟಿಯನ್ನು ಕೊಡುವುದು; ಇವುಗಳಲ್ಲಿ ಸರಿಯಾದುದು ಯಾವುದೆಂಬುದನ್ನು ಕೊಡಲಾರದು. ಅದಕ್ಕೆ ಲಿಪಿಯ ಸ್ವರೂಪ, ಅರಸನ ವಂಶ, ಭಾಷೆಯ ಅವಸ್ಥೆ ಇವುಗಳನ್ನು ಬಲ್ಲವರು ಬೇಕು. ಹೆಚ್ಚು ಹಳೆಯ ಕೆಲವು ಶಾಸನಗಳಲ್ಲಿ ಗುರುಗ್ರಹದ ಗತಿಯನ್ನನುಸರಿಸಿದ ಬೇರೆಯೇ ಎಣಿಕೆ ಕಂಡುಬರುವುದೆಂಬುದನ್ನು ತಿಳಿದವರು, ಮೇಲಿನ ಸೂತ್ರವನ್ನು ಎಲ್ಲಿಯವರೆಗೆ ನಂಬಬಹುದೆಂಬುದನ್ನೂ ಬಲ್ಲರು. ಆ ಜ್ಞಾನ ಇತಿಹಾಸದ ವಿದ್ಯಾರ್ಥಿಯದು.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಲೇಜುಗಳಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಓದುತ್ತಿರುವ ಅನೇಕ ತರುಣ ತರುಣಿಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಸುಳಿಯುತ್ತಿರುತ್ತದೆ: ಮೂರು ವರ್ಷ ಬೇರೊಂದು ಶಾಸ್ತ್ರವನ್ನೋದಿದ ಬಳಿಕ ಗಣಕವಿದ್ಯೆಯಲ್ಲಿ ಸ್ನಾತಕೋತ್ತರ ಪದವಿಗೆ ಹೋಗಬಹುದೆ? ಹೋದರೆ ದಡ ಸೇರುವೆವೆ? ಮನೆಯವರ ಎರಡು ವರ್ಷಗಳ ಖರ್ಚೂ ವಿದ್ಯಾರ್ಥಿಯ ಎರಡು ವರ್ಷಗಳ ಆಯುಷ್ಯವೂ ಈ ಪ್ರಶ್ನೆಗೆ ಅಂಟಿಕೊಂಡಿರುವುದರಿಂದ ಇದನ್ನು ಹಗುರವಾಗಿ ನೋಡಲಾಗದು.

ಮೊದಲನೆಯ ಪ್ರಶ್ನೆಗೆ ಚರಿತ್ರೆಯೇ ಉತ್ತರ ಕೊಡುತ್ತದೆ. ೧೯೪೯ರಲ್ಲಿ ಎಡ್ಸ್ಯಾಕ್ ಎಂಬ ಗಣಕಯಂತ್ರವನ್ನು ನಡೆಯಿಸಿದ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ೧೯೫೩ರಲ್ಲಿ ಸಂಖ್ಯಾತ್ಮಕ ವಿಶ್ಲೇಷಣೆ ಮತ್ತು ಸ್ವಯಂಚಾಲಿತ ಗಣನೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಪಾಠಕ್ರಮವನ್ನು ತೆರೆಯಿತು. ಗಣಕವಿದ್ಯೆಯನ್ನು ಕ್ರಮವಾಗಿ ಕಲಿಸಿದ ಅತ್ಯಂತ ಮೊದಲಿನ ಪಾಠಕ್ರಮಗಳಲ್ಲಿ ಅದೊಂದು. ಅದು ಪದವಿ ಮುಗಿಸಿದವರಿಗಾಗಿ ಇದ್ದಿತು. ಅಲ್ಲಿಗೆ ಬಂದವರೆಲ್ಲ ಬೇರೆ ಶಾಸ್ತ್ರದವರೇ. ಗಣಕಶಾಸ್ತ್ರದ ಪದವಿಯೇ ಇಲ್ಲದ ಕಾಲದಲ್ಲಿ ಬೇರೆ ಇನ್ನಾರು ಬಂದಾರು?

ನಮ್ಮ ದೇಶದಲ್ಲಿಯೂ ಹೀಗೆಯೇ ಆಯಿತು. ಕಾನ್ಪುರದ ಐ.ಐ.ಟಿ.ಗೆ ೧೯೬೩ರಲ್ಲಿ ಐ.ಬಿ.ಎಂ. ೧೬೨೦ ಎಂಬ ಯಂತ್ರ ಬಂದಿತು. ೧೯೬೫ರಲ್ಲಿ ಅಲ್ಲಿ ಗಣಕವಿಜ್ಞಾನದ ಎಂ.ಟೆಕ್. ಶಿಕ್ಷಣ ಮೊದಲಾಯಿತು, ಬಿ.ಟೆಕ್. ತರಗತಿ ಬಂದುದು ೧೯೭೮ರಲ್ಲಿ. ಮೇಲಿನ ಅಂತಸ್ತು ಮೊದಲು ಕಟ್ಟಲ್ಪಟ್ಟು ಕೆಳಗಿನದು ಹದಿಮೂರು ವರ್ಷಗಳ ಅನಂತರ ಬಂದಂತಾಯಿತು! ಆ ಶಿಕ್ಷಣವನ್ನು ರೂಪಿಸಿದವರಲ್ಲಿ ಪ್ರಮುಖರಾದ ಪ್ರೊಫೆಸರ್ ವಿ. ರಾಜಾರಾಮನ್ ಅವರು ಸ್ವತಃ ಭೌತಶಾಸ್ತ್ರದ ಪದವೀಧರರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ವಿದ್ಯುತ್ ಇಂಜಿನಿಯರಿಂಗ್ ಕಲಿಯುವಾಗ ಗಣಕಯಂತ್ರದ ಕಡೆ ತಿರುಗಿದರು. ಎಂ.ಸಿ.ಎ. ಎಂದು ಎಲ್ಲರಿಗೂ ಪರಿಚಿತವಾದ ಪದವಿಯು ೧೯೮೦ರ ದಶಕದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ್ದೂ ಅವರ ಸಲಹೆಯಿಂದಲೇ. ಗಣಕಗಳು ಕಚೇರಿ, ಬ್ಯಾಂಕು, ಕಾರ್ಖಾನೆಗಳಿಗೆ ಪ್ರವೇಶಿಸತೊಡಗಿದಾಗ ಇಂಜಿನಿಯರುಗಳು ಮಾತ್ರ ಸಾಲಲಿಲ್ಲ. ಇತರ ಪದವೀಧರರನ್ನೂ ತರಬೇತು ಮಾಡಬೇಕಾಯಿತು.

ಎರಡನೆಯ ಪ್ರಶ್ನೆ ಇಷ್ಟು ಸುಲಭವಲ್ಲ. ಎಂ.ಸಿ.ಎ. ಬಹುಕಾಲ ಮೂರು ವರ್ಷಗಳ ವ್ಯಾಸಂಗವಾಗಿದ್ದಿತು. ಬಿ.ಸಿ.ಎ. ಮುಂತಾದ ಗಣಕ ಪದವಿ ಪಡೆದವರು ನೇರವಾಗಿ ಎರಡನೆಯ ವರ್ಷಕ್ಕೆ ಸೇರುವ ಅವಕಾಶವಿದ್ದಿತು. ಮೊದಲನೆಯ ವರ್ಷ ಬೇರೆ ಕಡೆಯಿಂದ ಬಂದವರನ್ನು ಅವರ ಸಮಕ್ಕೆ ತರುವ ಕಾಲವಾಗಿದ್ದಿತೆಂದರೆ ತಪ್ಪಾಗದು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು ೨೦೨೦-೨೧ರಿಂದ ಈ ವ್ಯಾಸಂಗವನ್ನು ಎರಡು ವರ್ಷಕ್ಕೆ ಇಳಿಸಿತು. ಖರ್ಚು ಉಳಿಯಿತು, ನಿಜ. ಆದರೆ ಇತಿಹಾಸವನ್ನೋ ವಾಣಿಜ್ಯವನ್ನೋ ಓದಿ ಬಂದವನಿಗೆ ಉಸಿರಾಡಲು ಇದ್ದ ಒಂದು ವರ್ಷವೂ ಅದರೊಂದಿಗೆ ಹೋಯಿತು. ಈಗ ಅಂಥವರಿಗೆ ಸೇತು ಪಾಠಕ್ರಮವೆಂಬ ಪೂರ್ವಭಾವಿ ಪಾಠಗಳಿರುತ್ತವೆ. ಒಂದು ವರ್ಷದ ಹೊರೆಯನ್ನು ಕೆಲವು ಪಾಠಗಳು ಹೊರಬಲ್ಲವೆಂದು ನಮಗೆ ತೋರುವುದಿಲ್ಲ. ಉಳಿದುದನ್ನು ವಿದ್ಯಾರ್ಥಿಯೇ, ಸಾಧ್ಯವಾದರೆ ಪದವಿಯ ಕೊನೆಯ ವರ್ಷದಲ್ಲಿಯೇ, ಹೊರಬೇಕು.

ಏನನ್ನು ಹೊರಬೇಕು? ಮೊದಲನೆಯದಾಗಿ, ಯಾವುದಾದರೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೈ ಪಳಗಬೇಕು. ಇದು ಓದಿ ಕಲಿಯುವ ವಿದ್ಯೆಯಲ್ಲ. ಈಜು ಕಲಿತಂತೆ ಕಲಿಯಬೇಕಾದುದು. ಮೇಲಿನ ಸಂವತ್ಸರದ ಲೆಕ್ಕವನ್ನು ತಾನೇ ಬರೆದು, ಸೊನ್ನೆಯ ದೋಷವನ್ನು ತಾನೇ ಕಂಡು ತಿದ್ದಿದ ವಿದ್ಯಾರ್ಥಿಯು, ನೂರು ಪುಟ ಓದಿ ಟಿಪ್ಪಣಿ ಮಾಡಿಕೊಂಡವನಿಗಿಂತ ಮುಂದಿರುವನು. ಎರಡನೆಯದು ಗಣಿತ. ಗಣಿತವೆಂದೊಡನೆ ಕಲಾ ವಿಭಾಗದ ವಿದ್ಯಾರ್ಥಿಗಳು ಬೆದರುವುದುಂಟು. ಇಲ್ಲಿ ಮೊದಲು ಬೇಕಾದುದು ಗಣಗಳು, ತರ್ಕ, ಎಣಿಕೆ, ಶೇಷಗಳ ಲೆಕ್ಕ ಇಂಥ ಬಿಡಿ ಬಿಡಿ ವಸ್ತುಗಳ ಗಣಿತ. ಅದರ ರುಚಿಯನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ಕಾಲಕ್ರಮದಲ್ಲಿ ಜೋಡಿಸಿಟ್ಟ ಒಂದು ಸಾವಿರ ಶಾಸನಗಳ ಚೀಟಿಗಳಿವೆ. ಒಂದು ವರ್ಷದ ಚೀಟಿ ಬೇಕು. ಮೊದಲಿನಿಂದ ನೋಡುತ್ತ ಹೋದರೆ ಸಾವಿರವನ್ನೂ ನೋಡಬೇಕಾಗಬಹುದು. ನಡುವಿನ ಚೀಟಿಯನ್ನು ತೆಗೆದು, ಬೇಕಾದ ವರ್ಷ ಅದಕ್ಕಿಂತ ಹಿಂದಿನದೋ ಮುಂದಿನದೋ ನೋಡಿ, ಬೇಡದ ಅರ್ಧವನ್ನು ಬಿಟ್ಟು, ಉಳಿದ ಅರ್ಧದ ನಡುವಿನದನ್ನು ತೆಗೆಯುತ್ತ ಹೋದರೆ ಹತ್ತು ನೋಟಗಳು ಸಾಕು. ಚೀಟಿಗಳು ಹತ್ತು ಲಕ್ಷವಾದರೆ? ಇಪ್ಪತ್ತೇ ನೋಟ. ರಾಶಿಯು ಸಾವಿರ ಪಟ್ಟು ಬೆಳೆದರೂ ಶ್ರಮವು ಎರಡು ಪಟ್ಟಷ್ಟೇ ಬೆಳೆಯಿತು.

ವಾಣಿಜ್ಯದ ವಿದ್ಯಾರ್ಥಿಗೆ ಬೇರೊಂದು ಬಾಗಿಲು ತೆರೆದಿದೆ. ಅಡಿಕೆ ಮಾರಾಟದ ಸಹಕಾರ ಸಂಘವೊಂದರಲ್ಲಿ ಬೆಳೆಗಾರನಿಗೆ ಹಣ ಸಂದಾಯ ಮಾಡುವಾಗ, ಸಂಘದ ಖಾತೆಯಲ್ಲಿ ಖರ್ಚು ಬರೆದ ಮೇಲೆ ಬೆಳೆಗಾರನ ಖಾತೆಯಲ್ಲಿ ಜಮೆ ಬರೆಯಬೇಕು. ಮಲೆನಾಡಿನ ಮಳೆಗಾಲ, ಖರ್ಚು ಬರೆದಾಗಿದೆ, ಜಮೆ ಬರೆಯುವಷ್ಟರಲ್ಲಿ ವಿದ್ಯುತ್ತು ಹೋಯಿತು. ಹಣ ಎಲ್ಲಿ ಹೋಯಿತು? ಇದಕ್ಕೆ ಡೇಟಾಬೇಸ್ ಶಾಸ್ತ್ರವು ಕಟ್ಟಿದ ನಿಯಮವೇನೆಂದರೆ, ಇಂಥ ಎರಡು ಬರೆವಣಿಗೆಗಳು ಒಂದೇ ವ್ಯವಹಾರವಾಗಬೇಕು: ಎರಡೂ ನಡೆಯಬೇಕು, ಇಲ್ಲವೆ ಒಂದೂ ನಡೆದಿರಬಾರದು. ಅದಕ್ಕಾಗಿ ಯಂತ್ರವು ಮಾಡಹೊರಟುದನ್ನೆಲ್ಲ ಮೊದಲು ಅಳಿಯದಂಥ ದಿನಚರಿಯಲ್ಲಿ ಬರೆದುಕೊಳ್ಳುವುದು. ವಿದ್ಯುತ್ತು ಮರಳಿದಾಗ ಅದನ್ನು ನೋಡಿ ಅರ್ಧಕ್ಕೆ ನಿಂತುದನ್ನು ಪೂರ್ತಿಗೊಳಿಸುವುದು, ಅಥವಾ ಅಳಿಸಿಬಿಡುವುದು. ಜಮೆ ಖರ್ಚುಗಳ ಜೋಡಿ ನಮೂದನ್ನು ಕಲಿತ ಬಿ.ಕಾಂ. ಪದವೀಧರನಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ, ಉಳಿದವರಿಗೆ ವಿವರಿಸಬೇಕಾಗುತ್ತದೆ.

ಹುಂಚದ ಕಡೆಯ ವಿದ್ಯಾರ್ಥಿಯು ಈ ವ್ಯಾಸಂಗಕ್ಕಾಗಿ ಬೆಂಗಳೂರಿಗೇ ಹೋಗಬೇಕಾಗಿಲ್ಲ. ೧೯೮೭ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ಶಂಕರಘಟ್ಟದ ಜ್ಞಾನ ಸಹ್ಯಾದ್ರಿಯಲ್ಲಿ ಗಣಕವಿಜ್ಞಾನದ ಸ್ನಾತಕೋತ್ತರ ವಿಭಾಗವಿದೆ. ಶಿವಮೊಗ್ಗದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಸಿ.ಎ. ತರಗತಿಗಳಿವೆ. ರಾಜ್ಯದಲ್ಲಿ ಎಂ.ಸಿ.ಎ. ಪ್ರವೇಶಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪಿ.ಜಿ.ಸಿ.ಇ.ಟಿ. ಎಂಬ ಪರೀಕ್ಷೆಯನ್ನು ನಡೆಸುತ್ತದೆ. ಪಿ.ಯು.ಸಿ.ಯಲ್ಲಾಗಲಿ ಪದವಿಯಲ್ಲಾಗಲಿ ಗಣಿತ ಓದಿರಬೇಕೆಂಬ ನಿಯಮದ ಬಿಗಿ ಸಡಿಲಗಳು ಕಾಲಕಾಲಕ್ಕೆ ಬದಲಾಗಿರುವುದರಿಂದ, ಹಿಂದಿನ ವರ್ಷ ಸೇರಿದ ಗೆಳೆಯನ ಮಾತನ್ನು ನೆಚ್ಚದೆ ಆಯಾ ವರ್ಷದ ಪ್ರಕಟಣೆಯನ್ನೇ ಓದತಕ್ಕದ್ದು. ಒಂದೇ ಒಂದು ಕಿವಿಮಾತು: ಪಿ.ಯು.ಸಿ.ಯಲ್ಲಿ ಇನ್ನೂ ವಿಷಯಗಳನ್ನು ಆರಿಸಿಕೊಳ್ಳಬೇಕಾಗಿರುವ ಪ್ರೌಢಶಾಲಾ ವಿದ್ಯಾರ್ಥಿಗಳು, ವಾಣಿಜ್ಯಕ್ಕೆ ಹೋಗುವವರಾದರೂ, ಗಣಿತವಿರುವ ಗುಂಪನ್ನು ಹಿಡಿದರೆ ಮುಂದೆ ಈ ಬಾಗಿಲು ಸುಲಭವಾಗಿ ತೆರೆಯುವುದು.

ದೂರಶಿಕ್ಷಣದಲ್ಲಿ ಓದುವವರು ಮಾನ್ಯತೆಯ ವಿಚಾರವನ್ನು ಮೊದಲು ನೋಡಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ೨೦೧೨-೧೩ರ ಅನಂತರ ಯು.ಜಿ.ಸಿ. ಮಾನ್ಯತೆ ಇಲ್ಲವಾಗಿ, ೨೦೧೮ರಲ್ಲಿ ಅದು ಮರಳಿತು. ನಡುವಣ ವರ್ಷಗಳಲ್ಲಿ ಸೇರಿದ್ದ ಅನೇಕ ವಿದ್ಯಾರ್ಥಿಗಳು ತಮ್ಮದಲ್ಲದ ತಪ್ಪಿಗೆ ಕಷ್ಟಪಟ್ಟರು.

ಹುಂಚದ ಶಾಸನಗಳಿಗೆ ಮರಳೋಣ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ, ಆಗಿನ ನಗರ ತಾಲ್ಲೂಕಿನ ಇತರ ಶಾಸನಗಳೊಂದಿಗೆ, ಅವನ್ನು ೧೯೦೪ರಲ್ಲಿಯೇ ಅಚ್ಚು ಹಾಕಿಸಿದರು. ಇಂಥ ಹಳಗನ್ನಡ ಪಾಠಗಳನ್ನು ಇಂದು ಗಣಕದಲ್ಲಿ ತುಂಬಬೇಕಾದರೆ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ ಬೇಕು. ಜಗತ್ತಿನ ಲಿಪಿಗಳಿಗೆಲ್ಲ ಹಾಗೆ ಸಂಖ್ಯೆ ಕೊಡುವ ವ್ಯವಸ್ಥೆಯೇ ೧೯೯೧ರಲ್ಲಿ ಮೊದಲ ಆವೃತ್ತಿಯಾಗಿ ಹೊರಬಂದ ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಸ್ಥಾನಗಳಿವೆ. ‘ಕ’ ಅಕ್ಷರದ ಸ್ಥಾನ ೩೨೨೧. ಈಗ ಬಳಕೆ ತಪ್ಪಿರುವ ‘ಱ’ದ ಸ್ಥಾನ ೩೨೪೯. ಹಳಗನ್ನಡದ ಮತ್ತೊಂದು ಅಕ್ಷರವಾದ ‘ೞ’ವು ೩೨೯೪ನೆಯ ಸ್ಥಾನದಲ್ಲಿದೆ. ಆದರೆ ಆ ಸ್ಥಾನಕ್ಕೆ ಬರೆದ ಹೆಸರನ್ನು ನೋಡಿದರೆ ಬೆರಗಾಗುವುದು. ಅಲ್ಲಿ ಅದನ್ನು ‘ಫ’ ಎಂಬ ಧ್ವನಿಯ ಕನ್ನಡ ಅಕ್ಷರವೆಂದು ನಮೂದಿಸಲಾಗಿದೆ! ಪಂಪನನ್ನು ಒಂದು ಪುಟ ಓದಿದ ಕನ್ನಡ ಬಿ.ಎ. ವಿದ್ಯಾರ್ಥಿಯೂ ಮಾಡಲಾರದ ತಪ್ಪು ಅದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಿದರೆ ಅದನ್ನವಲಂಬಿಸಿದ ಪ್ರೋಗ್ರಾಮುಗಳು ಕೆಡುವುವೆಂದು ಯೂನಿಕೋಡ್ ತನ್ನ ಹೆಸರುಗಳನ್ನು ತಿದ್ದುವುದಿಲ್ಲ. ಆದುದರಿಂದ ಹೆಸರು ತಪ್ಪಾಗಿದೆಯೆಂಬ ಒಂದು ಟಿಪ್ಪಣಿಯನ್ನೂ ಸರಿಯಾದ ಉಪನಾಮವೊಂದನ್ನೂ ಪಕ್ಕದಲ್ಲಿ ಸೇರಿಸಿ, ಮೂಲ ಹೆಸರನ್ನು ಇದ್ದಂತೆಯೇ ಬಿಡಲಾಗಿದೆ. ಇಂದಿಗೂ ಅದು ಹಾಗೆಯೇ ಇದೆ.