ಜಾಲನಾಮಕ್ಕೂ ಪಹಣಿ ಉಂಟು

ನಿವೇಶನ ಕೊಳ್ಳಲು ಹೊರಟ ವರ್ತಕನು ಮುಂಗಡ ಹಣ ಎಣಿಸುವ ಮೊದಲು ಖಾತೆ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸುತ್ತಾನೆ; ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರ ತರಿಸುತ್ತಾನೆ. ಜಮೀನಾದರೆ ಪಹಣಿ ನೋಡದೆ ಮಾತೇ ಮುಂದುವರಿಯುವುದಿಲ್ಲ. ಆದರೆ ಅದೇ ವರ್ತಕನ ಬಿಲ್ಲು, ಲೆಟರ್‌ಹೆಡ್, ವಿಸಿಟಿಂಗ್ ಕಾರ್ಡು, ಅಂಗಡಿಯ ಫಲಕ ಇವೆಲ್ಲದರ ಮೇಲೂ ಅಚ್ಚಾಗಿರುವ ಡೊಮೈನ್ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಕೇಳಿದರೆ, "ಅದನ್ನೆಲ್ಲ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ನೋಡಿಕೊಳ್ಳುತ್ತಾನೆ" ಎಂಬ ಉತ್ತರ ಬರುವುದೇ ಹೆಚ್ಚು. ಗ್ರಾಹಕರ ವಿಚಾರಣೆ, ಖರೀದಿ ಆದೇಶ, ಬ್ಯಾಂಕಿನ ಪತ್ರ ವ್ಯವಹಾರ ಎಲ್ಲವೂ ಬರುವುದು ಆ ಹೆಸರಿನ ಮೂಲಕವೇ. ಹಾಗಿದ್ದರೂ ಅದರ ದಾಖಲೆಯನ್ನು ಮಾಲೀಕನು ಒಮ್ಮೆಯೂ ನೋಡಿರುವುದಿಲ್ಲ.

ಡೊಮೈನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳಲಾಗದು. ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟಿ ಅದನ್ನು ಹಿಡಿದಿಟ್ಟುಕೊಳ್ಳಬಹುದು, ಅಷ್ಟೇ. ಶುಲ್ಕ ಕಟ್ಟುವವರೆಗೆ ಹೆಸರು ನೋಂದಣಿದಾರನದು. ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಅದು ಬೇರೆ ಯಾರದಾದರೂ ಆಗಬಹುದು. ಈ ವ್ಯವಸ್ಥೆಗೂ ಪಹಣಿಯಂಥ ಒಂದು ದಾಖಲೆ ಇದೆ. ಅದನ್ನು ನೋಡಲು ಅರ್ಜಿ, ಶುಲ್ಕ, ಮಧ್ಯವರ್ತಿ ಯಾವುದೂ ಬೇಕಿಲ್ಲ. ಗಣಕಯಂತ್ರದಲ್ಲಿ ಒಂದು ಸಾಲು ಬೆರಳಚ್ಚಿಸಿದರೆ ಸಾಕು.

ನಾಲ್ಕು ದಶಕಗಳ ಹಳೆಯ ಸಾಧನ

ಈ ಸಾಧನದ ಹೆಸರು 'ಹೂಈಸ್'. ಡಬ್ಲ್ಯೂ, ಎಚ್, ಓ, ಐ, ಎಸ್ ಎಂಬ ಐದು ಅಕ್ಷರಗಳನ್ನು ಬಿಡದೆ ಕೂಡಿಸಿ ಬರೆದ ಪದ, 'ಯಾರು?' ಎಂಬುದೇ ಅದರ ಅರ್ಥ. ಇಂದಿನ ಅಂತರ್ಜಾಲದ ಪೂರ್ವರೂಪವಾಗಿದ್ದ ಆರ್ಪಾನೆಟ್ ಕಾಲದಲ್ಲಿ, 1982ರಲ್ಲಿ, ಅಮೆರಿಕದ ಎಸ್‌ಆರ್‌ಐ ಇಂಟರ್‌ನ್ಯಾಷನಲ್ ಸಂಸ್ಥೆಯ ಕೆನ್ ಹ್ಯಾರನ್‌ಸ್ಟೀನ್ ಮತ್ತು ವಿಕ್ ವೈಟ್ ಇದರ ನಿಯಮಗಳನ್ನು ಬರೆದು ಪ್ರಕಟಿಸಿದರು. ಜಾಲವನ್ನು ಬಳಸುವವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳ ಕೈಪಿಡಿಯಾಗಿ ಇದು ಆರಂಭವಾಯಿತು. ಮೊದಲ ಡಾಟ್ ಕಾಂ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು. ಮುಂದೆ ವಾಣಿಜ್ಯ ಜಗತ್ತು ಅಂತರ್ಜಾಲಕ್ಕೆ ಕಾಲಿಟ್ಟಂತೆ ಆ ಕೈಪಿಡಿಯೇ ಹೆಸರುಗಳ ಹಕ್ಕುದಾಖಲೆಯೂ ಆಯಿತು. 1998ರಲ್ಲಿ ಸ್ಥಾಪಿತವಾದ ಐಕ್ಯಾನ್ ಸಂಸ್ಥೆಯು ಜಾಗತಿಕ ಮಟ್ಟದಲ್ಲಿ ಈ ವ್ಯವಸ್ಥೆಯ ಮೇಲ್ವಿಚಾರಣೆ ನಡೆಸುತ್ತದೆ. ಭಾರತದ ಡಾಟ್ ಇನ್ ಹೆಸರುಗಳ ಹೊಣೆ ನಿಕ್ಸಿ ಎಂಬ ರಾಷ್ಟ್ರೀಯ ಸಂಸ್ಥೆಯದು. 2005ರಲ್ಲಿ ಉದಾರ ನೀತಿ ಜಾರಿಗೆ ಬಂದ ಮೇಲೆ ಡಾಟ್ ಇನ್ ಹೆಸರು ಸಾಮಾನ್ಯ ವರ್ತಕರಿಗೂ ಸುಲಭವಾಗಿ ದೊರೆಯುವಂತಾಯಿತು.

ವಿಚಾರಣೆ ಹೇಗೆ?

ಲಿನಕ್ಸ್ ಮತ್ತು ಆಪಲ್ ಗಣಕಯಂತ್ರಗಳಲ್ಲಿ 'ಟರ್ಮಿನಲ್' ಎಂಬ ಕಿಟಕಿಯನ್ನು ತೆರೆದು ಹೂಈಸ್ ಎಂದು ಬರೆದು, ಒಂದು ಸ್ಥಳ ಬಿಟ್ಟು, ಡೊಮೈನ್ ಹೆಸರನ್ನು ಬರೆದು ಎಂಟರ್ ಒತ್ತಬೇಕು. ಹೆಸರಿನ ಮುಂದೆ ಮೂರು ಡಬ್ಲ್ಯೂಗಳನ್ನು ಹಾಕಬಾರದು. ಆಪಲ್ ಯಂತ್ರಗಳಲ್ಲಿ ಈ ಸಾಧನ ಮೊದಲೇ ಇರುತ್ತದೆ; ಉಬುಂಟುವಿನಂಥ ಲಿನಕ್ಸ್ ಆವೃತ್ತಿಗಳಲ್ಲಿ ಇಲ್ಲದಿದ್ದರೆ ಅದೇ ಹೆಸರಿನ ಪ್ಯಾಕೇಜನ್ನು ಉಚಿತವಾಗಿ ಸೇರಿಸಿಕೊಳ್ಳಬಹುದು. ವಿಂಡೋಸಿನಲ್ಲಿ ಇದು ಮೊದಲೇ ಇರುವುದಿಲ್ಲ. ಆದರೆ ಮೈಕ್ರೋಸಾಫ್ಟ್ ಸಂಸ್ಥೆಯು ಸಿಸ್‌ಇಂಟರ್ನಲ್ಸ್ ಎಂಬ ತನ್ನ ಸಾಧನಗಳ ಸಂಗ್ರಹದಲ್ಲಿ ಇದನ್ನು ಉಚಿತವಾಗಿ ನೀಡುತ್ತದೆ. ಅದನ್ನು ಇಳಿಸಿಕೊಂಡು 'ಕಮಾಂಡ್ ಪ್ರಾಂಪ್ಟ್' ಎಂಬ ಕಪ್ಪು ಪರದೆಯಲ್ಲಿ ಬಳಸಬಹುದು.

ಒಳಗೆ ನಡೆಯುವ ಕೆಲಸ ಸರಳವಾದುದು. ಸಾಧನವು ನೋಂದಣಿ ಕೇಂದ್ರದ ಗಣಕಯಂತ್ರವನ್ನು 43ನೆಯ ದ್ವಾರಸಂಖ್ಯೆಯಲ್ಲಿ ಸಂಪರ್ಕಿಸಿ ಹೆಸರನ್ನು ಕೇಳುತ್ತದೆ; ಆ ಯಂತ್ರ ಸಾದಾ ಅಕ್ಷರಗಳಲ್ಲಿ ಉತ್ತರ ಕಳುಹಿಸಿ ಸಂಪರ್ಕ ಕಡಿದುಕೊಳ್ಳುತ್ತದೆ. ಡಾಟ್ ಕಾಂ ಹೆಸರುಗಳ ಮೂಲ ನೋಂದಣಿ ಕೇಂದ್ರವಾದ ವೆರಿಸೈನ್ ಸಂಸ್ಥೆಯು ದಿನಾಂಕಗಳು ಮತ್ತು ರಿಜಿಸ್ಟ್ರಾರನ ಹೆಸರಿನಂಥ ಮುಖ್ಯ ಅಂಶಗಳನ್ನಷ್ಟೇ ತಿಳಿಸುತ್ತದೆ. ನೋಂದಣಿದಾರನ ವಿವರ ಇರುವುದು ರಿಜಿಸ್ಟ್ರಾರನ ಬಳಿ. ಆದ್ದರಿಂದ ಕೆಲವೊಮ್ಮೆ ಒಂದೇ ಪ್ರಶ್ನೆಗೆ ಎರಡು ಉತ್ತರಗಳು ಒಂದರ ಕೆಳಗೊಂದು ಬರುತ್ತವೆ.

ಇದೇ ಮಾಹಿತಿಯನ್ನು ಒದಗಿಸುವ ಜಾಲತಾಣಗಳೂ ಇವೆ. ಆದರೆ ಇನ್ನೂ ನೋಂದಣಿಯಾಗದ ಹೆಸರನ್ನು ಹುಡುಕುವಾಗ ಎಚ್ಚರಿಕೆ ಬೇಕು. ತನ್ನ ತಾಣದಲ್ಲಿ ಜನರು ಹುಡುಕಿದ ಹೆಸರುಗಳನ್ನು ಅಮೆರಿಕದ ದೊಡ್ಡ ರಿಜಿಸ್ಟ್ರಾರ್ ಸಂಸ್ಥೆಯೊಂದು ತಾನೇ ನಾಲ್ಕು ದಿನಗಳ ಮಟ್ಟಿಗೆ ಕಾದಿರಿಸಿಕೊಳ್ಳುತ್ತಿದ್ದುದು 2008ರಲ್ಲಿ ಬೆಳಕಿಗೆ ಬಂದು ವಿವಾದವಾಗಿತ್ತು. ನೋಂದಣಿ ಕೇಂದ್ರವನ್ನು ನೇರವಾಗಿ ಕೇಳುವ ಸಾಧನದಲ್ಲಿ ಅಂಥ ಮಧ್ಯವರ್ತಿ ಇರುವುದಿಲ್ಲ.

ಉತ್ತರವನ್ನು ಓದುವ ಬಗೆ

ಉತ್ತರವು ಇಂಗ್ಲಿಷಿನಲ್ಲಿ, ಹತ್ತಾರು ಸಾಲುಗಳಲ್ಲಿ ಬರುತ್ತದೆ. ವರ್ತಕರು ಅದರಲ್ಲಿ ಐದು ಅಂಶಗಳನ್ನು ಗುರುತಿಸಿದರೆ ಸಾಕು: ರಿಜಿಸ್ಟ್ರಾರ್ ಯಾರು, ಹೆಸರು ಹುಟ್ಟಿದ ದಿನಾಂಕ, ಅವಧಿ ಮುಗಿಯುವ ದಿನಾಂಕ, ಸ್ಥಿತಿ, ನೋಂದಣಿದಾರನ ವಿವರ.

ಅಭ್ಯಾಸಕ್ಕೆ 'ಎಗ್ಸಾಂಪಲ್ ಡಾಟ್ ಕಾಂ' ಎಂಬ ಹೆಸರನ್ನೇ ಕೇಳಿ ನೋಡಬಹುದು. ಉದಾಹರಣೆಗೆಂದೇ ಮೀಸಲಿಟ್ಟ ಹೆಸರು ಅದು. ಅದರ ಹುಟ್ಟಿದ ದಿನಾಂಕ 1995ರ ಆಗಸ್ಟ್ 14 ಎಂದು ಪರದೆಯ ಮೇಲೆ ಕಾಣುತ್ತದೆ. ಸ್ಥಿತಿಯ ಸಾಲುಗಳಲ್ಲಿ ವರ್ಗಾವಣೆ, ಬದಲಾವಣೆ, ಅಳಿಸುವಿಕೆ ಮೂರನ್ನೂ ನಿಷೇಧಿಸಿರುವುದು ಕಾಣುತ್ತದೆ. ಇದು ದೋಷವಲ್ಲ, ಬೀಗ. ಸ್ವಂತ ಸಂಸ್ಥೆಯ ಹೆಸರಿಗೆ ಕನಿಷ್ಠ ವರ್ಗಾವಣೆಯ ಬೀಗವಾದರೂ ಬಿದ್ದಿರಬೇಕು, ಇಲ್ಲದಿದ್ದರೆ ಹಾಕಿಸಬೇಕು.

ಅವಧಿಯ ದಿನಾಂಕದಲ್ಲಿ ಒಂದು ಸೂಕ್ಷ್ಮವಿದೆ. ಡಾಟ್ ಕಾಂ ಹೆಸರಿನ ಅವಧಿ ಮುಗಿದೊಡನೆ ಮೂಲ ನೋಂದಣಿ ಕೇಂದ್ರವು ತನ್ನ ಪುಸ್ತಕದಲ್ಲಿ ಅದನ್ನು ಒಂದು ವರ್ಷ ಮುಂದೂಡಿ ಬರೆದುಕೊಳ್ಳುತ್ತದೆ. ಗ್ರಾಹಕನಿಂದ ಹಣ ಬಾರದಿದ್ದರೆ ರಿಜಿಸ್ಟ್ರಾರನು 45 ದಿನಗಳೊಳಗೆ ಅದನ್ನು ರದ್ದುಪಡಿಸಬಹುದು. ಆದ್ದರಿಂದ ದಾಖಲೆಯಲ್ಲಿ ಮುಂದಿನ ವರ್ಷದ ದಿನಾಂಕ ಕಂಡಿತೆಂದು ನಿಶ್ಚಿಂತರಾಗುವಂತಿಲ್ಲ. ರಿಜಿಸ್ಟ್ರಾರನು ಕೊಡುವ ದಿನಾಂಕ ಹಾಗೂ ಹಣ ಕಟ್ಟಿದ ರಸೀದಿ ಎರಡನ್ನೂ ಹೋಲಿಸಬೇಕು.

ಅವಧಿ ಮೀರಿದರೆ

ಮರೆವು ಸಣ್ಣವರಿಗೆ ಮಾತ್ರ ಬರುವುದಿಲ್ಲ. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಪಾಸ್‌ಪೋರ್ಟ್ ಡಾಟ್ ಕಾಂ ಹೆಸರಿನ ಶುಲ್ಕ ಕಟ್ಟುವುದನ್ನು ಮರೆತಿತು. ಹಾಟ್‌ಮೇಲ್ ಅಂಚೆಪೆಟ್ಟಿಗೆಗಳ ಪ್ರವೇಶ ಆ ಹೆಸರನ್ನೇ ಅವಲಂಬಿಸಿದ್ದರಿಂದ ಅನೇಕರಿಗೆ ತಮ್ಮ ಪತ್ರಗಳನ್ನು ತೆರೆಯಲಾಗಲಿಲ್ಲ. ಮೈಕೆಲ್ ಚೇನಿ ಎಂಬ ಅಮೆರಿಕದ ಲಿನಕ್ಸ್ ತಂತ್ರಜ್ಞರು ಶುಲ್ಕ ಬಾಕಿಯಿರುವುದನ್ನು ಕಂಡು, ಕ್ರಿಸ್‌ಮಸ್ ದಿನ ಸ್ವಂತ ಕ್ರೆಡಿಟ್ ಕಾರ್ಡಿನಿಂದ 35 ಡಾಲರ್ ಪಾವತಿಸಿದರು. ಸೇವೆ ಮತ್ತೆ ಆರಂಭವಾಯಿತು. ಅಂಥ ಸಜ್ಜನರು ಎಲ್ಲ ವರ್ತಕರಿಗೂ ದೊರೆಯುತ್ತಾರೆಂದು ನಂಬಿ ಕೂರುವಂತಿಲ್ಲ.

ಡಾಟ್ ಕಾಂ ಹೆಸರಿನ ಅವಧಿ ಮುಗಿದ ಬಳಿಕ ರಿಜಿಸ್ಟ್ರಾರನು ಅದನ್ನು ಅಳಿಸಿದರೆ 30 ದಿನಗಳ ವಿಮೋಚನಾ ಅವಧಿ ಇರುತ್ತದೆ. ಅಷ್ಟರಲ್ಲಿ ಹಳೆಯ ನೋಂದಣಿದಾರ ಹೆಚ್ಚಿನ ಶುಲ್ಕ ತೆತ್ತು ಹೆಸರನ್ನು ಬಿಡಿಸಿಕೊಳ್ಳಬಹುದು. ಆಮೇಲೆ 5 ದಿನ ಅದು ಯಾರ ಕೈಗೂ ಸಿಗದು. ಆರನೆಯ ದಿನ ಮೊದಲು ಬಂದವರ ಪಾಲು. ಅಳಿಸುವುದಕ್ಕೆ ಮುಂಚೆಯೇ ಹೆಸರನ್ನು ಹರಾಜಿಗಿಡುವ ರಿಜಿಸ್ಟ್ರಾರರೂ ಇದ್ದಾರೆ.

ಐಕ್ಯಾನ್ ನಿಯಮದಂತೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು, ಮುಗಿದ 5 ದಿನಗಳೊಳಗೆ ಹೀಗೆ ಮೂರು ಬಾರಿ ರಿಜಿಸ್ಟ್ರಾರನು ನೆನಪೋಲೆ ಕಳುಹಿಸಬೇಕು. ಆದರೆ ಅದು ಹೋಗುವುದು ದಾಖಲೆಯಲ್ಲಿರುವ ಇ-ಮೇಲ್ ವಿಳಾಸಕ್ಕೆ. ಆ ವಿಳಾಸ ಎಂದೋ ಕೆಲಸ ಬಿಟ್ಟುಹೋದ ವಿನ್ಯಾಸಕಾರನದಾಗಿದ್ದರೆ ಮಾಲೀಕನಿಗೆ ಸುದ್ದಿಯೇ ತಲುಪದು. ವಿಳಾಸವು ಅದೇ ಡೊಮೈನಿನದಾಗಿದ್ದರೆ ಇನ್ನೂ ಕಷ್ಟ: ಹೆಸರು ನಿಂತೊಡನೆ ಇ-ಮೇಲೂ ನಿಲ್ಲುತ್ತದೆ, ಕೊನೆಯ ನೆನಪೋಲೆ ಬರಬೇಕಾದ ಬಾಗಿಲೇ ಮುಚ್ಚಿರುತ್ತದೆ.

ಪರದೆಯ ಹಿಂದಿನ ಹೆಸರು

ಒಂದು ಕಾಲದಲ್ಲಿ ಹೂಈಸ್ ದಾಖಲೆಯಲ್ಲಿ ನೋಂದಣಿದಾರನ ಹೆಸರು, ವಿಳಾಸ, ದೂರವಾಣಿ ಎಲ್ಲವೂ ಬಹಿರಂಗವಾಗಿ ಕಾಣುತ್ತಿದ್ದವು. ಐರೋಪ್ಯ ಒಕ್ಕೂಟದ ವೈಯಕ್ತಿಕ ಮಾಹಿತಿ ಸಂರಕ್ಷಣಾ ನಿಯಮ 2018ರ ಮೇ 25ರಿಂದ ಜಾರಿಗೆ ಬಂದ ಮೇಲೆ ಈ ಪದ್ಧತಿ ಬದಲಾಯಿತು. ಈಗ ಅನೇಕ ಸಾಲುಗಳಲ್ಲಿ ಗೋಪ್ಯತೆಗಾಗಿ ಮರೆಮಾಡಲಾಗಿದೆ ಎಂಬ ಒಕ್ಕಣೆ ಮಾತ್ರ ಇರುತ್ತದೆ. ರಿಜಿಸ್ಟ್ರಾರ್, ದಿನಾಂಕಗಳು, ಸ್ಥಿತಿ ಇವು ಎಂದಿನಂತೆ ಕಾಣುತ್ತವೆ.

ಸಾಧನವೂ ಬದಲಾಗುತ್ತಿದೆ. ಆರ್‌ಡಿಎಪಿ ಎಂಬ ಹೊಸ ವ್ಯವಸ್ಥೆಯ ನಿಯಮಗಳು 2015ರಲ್ಲಿ ಪ್ರಕಟವಾದವು. ಡಾಟ್ ಕಾಂನಂಥ ಸಾಮಾನ್ಯ ವರ್ಗದ ಹೆಸರುಗಳಿಗೆ ಹಳೆಯ ಹೂಈಸ್ ಸೇವೆ ನೀಡಲೇಬೇಕೆಂಬ ಕಡ್ಡಾಯ 2025ರ ಜನವರಿ 28ಕ್ಕೆ ಕೊನೆಗೊಂಡಿತು. ಹಳೆಯ ಸಾಧನಕ್ಕೆ ಉತ್ತರ ಬಾರದ ಕಡೆ ಐಕ್ಯಾನ್ ಸಂಸ್ಥೆಯೇ ನಡೆಸುವ ಹುಡುಕು ಪುಟದಲ್ಲಿ ಅದೇ ಮಾಹಿತಿಯನ್ನು ಆರ್‌ಡಿಎಪಿ ಮೂಲಕ ಪಡೆಯಬಹುದು.

ಮಾಲೀಕನ ಹೆಸರೇ ಮರೆಯಾಗಿದ್ದರೆ ನೋಡಿ ಪ್ರಯೋಜನವೇನು ಎಂಬ ಪ್ರಶ್ನೆ ಏಳುವುದು ಸಹಜ. ಯಾವ ಬಾಗಿಲು ತಟ್ಟಬೇಕೆಂಬುದನ್ನು ರಿಜಿಸ್ಟ್ರಾರನ ಸಾಲು ತಿಳಿಸುತ್ತದೆ. ಆ ರಿಜಿಸ್ಟ್ರಾರನ ಖಾತೆಗೆ ಪ್ರವೇಶಿಸಿದರೆ ಪೂರ್ಣ ವಿವರ ದೊರೆಯುತ್ತದೆ. ಆ ಖಾತೆಯ ಪಾಸ್‌ವರ್ಡ್ ಸಂಸ್ಥೆಯಲ್ಲಿ ಯಾರ ಬಳಿಯೂ ಇಲ್ಲವೆಂದಾದರೆ, ಹೆಸರು ಯಾರ ಹಿಡಿತದಲ್ಲಿದೆ ಎಂಬ ಪ್ರಶ್ನೆಗೆ ಅದೇ ಉತ್ತರ.

ಬೆಂಗಳೂರಿನಿಂದ ಸುಪ್ರೀಂ ಕೋರ್ಟಿಗೆ

ಡೊಮೈನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತು ಎಂಬುದನ್ನು ಭಾರತದಲ್ಲಿ ದೃಢಪಡಿಸಿದ ಮೊಕದ್ದಮೆ ಆರಂಭವಾದದ್ದು ಬೆಂಗಳೂರಿನಲ್ಲೇ. ಸತ್ಯಂ ಇನ್ಫೋವೇ ಸಂಸ್ಥೆಯು 'ಸಿಫಿ' ಎಂಬ ಪದವನ್ನು ತಾನೇ ರೂಪಿಸಿ 1999ರಲ್ಲಿ ಸಿಫಿನೆಟ್ ಮುಂತಾದ ಹೆಸರುಗಳನ್ನು ನೋಂದಾಯಿಸಿತ್ತು. ಸಿಫಿನೆಟ್ ಸಲ್ಯೂಷನ್ಸ್ ಎಂಬ ಇನ್ನೊಂದು ಸಂಸ್ಥೆ 2001ರ ಬಳಿಕ ಅದೇ ಉಚ್ಚಾರದ, ಒಂದು 'ಎಫ್' ಅಕ್ಷರ ಹೆಚ್ಚಿರುವ ಹೆಸರುಗಳನ್ನು ಬಳಸತೊಡಗಿತು. ನಗರ ಸಿವಿಲ್ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ನೀಡಿತು. ಕರ್ನಾಟಕ ಹೈಕೋರ್ಟ್ ಅದನ್ನು ತೆರವುಗೊಳಿಸಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನು ರದ್ದುಪಡಿಸಿ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ವಾಣಿಜ್ಯಚಿಹ್ನೆಯ ಲಕ್ಷಣಗಳು ಡೊಮೈನ್ ಹೆಸರಿಗೂ ಇರಬಹುದು, ಒಬ್ಬರ ಸರಕನ್ನು ಇನ್ನೊಬ್ಬರದೆಂದು ನಂಬಿಸುವುದರ ವಿರುದ್ಧದ ಕಾನೂನು ಇದಕ್ಕೂ ಅನ್ವಯಿಸುತ್ತದೆ ಎಂಬುದು ತೀರ್ಪಿನ ಸಾರ. ಇಂಥ ವ್ಯಾಜ್ಯಗಳಲ್ಲಿ ಯಾರು ಎಂದು ನೋಂದಾಯಿಸಿದರು ಎಂಬ ದಾಖಲೆಗೆ ಎಷ್ಟು ಬೆಲೆಯಿದೆ ಎಂದು ಬೇರೆ ಹೇಳಬೇಕಿಲ್ಲ.

ಹೊಸ ಗಿರಾಕಿಯ ಹಿನ್ನೆಲೆ

ಸ್ವಂತ ಹೆಸರಿಗಷ್ಟೇ ಅಲ್ಲ, ಎದುರಿನವರ ಹೆಸರಿಗೂ ಈ ಸಾಧನ ಉಪಯುಕ್ತ. ಸರಕು ಹಡಗೇರಿದ ಮೇಲೆ, ಹಣ ಪಾವತಿಯ ಹೊತ್ತಿಗೆ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಇ-ಮೇಲ್ ಬರುವ ವಂಚನೆ ರಫ್ತುದಾರರಿಗೂ ಆಮದುದಾರರಿಗೂ ಹೊಸದಲ್ಲ. ಕಳುಹಿಸಿದವರ ವಿಳಾಸದಲ್ಲಿ 'ಎಂ' ಇರಬೇಕಾದಲ್ಲಿ 'ಆರ್' ಮತ್ತು 'ಎನ್' ಒತ್ತಾಗಿ ಕುಳಿತಿರುತ್ತವೆ. ಅವಸರದಲ್ಲಿ ಓದುವ ಕಣ್ಣಿಗೆ ವ್ಯತ್ಯಾಸ ತಿಳಿಯದು. ಆ ಹೆಸರನ್ನು ಹೂಈಸ್‌ನಲ್ಲಿ ಕೇಳಿದರೆ, ಇಪ್ಪತ್ತು ವರ್ಷಗಳಿಂದ ವ್ಯವಹರಿಸುತ್ತಿರುವ ಸಂಸ್ಥೆಯದೆನ್ನುವ ಡೊಮೈನು ಹುಟ್ಟಿದ್ದು ಕಳೆದ ವಾರ ಎಂಬ ಸಂಗತಿ ಹೊರಬೀಳುತ್ತದೆ.

ಇದರ ಮಿತಿಯನ್ನೂ ಅರಿತಿರಬೇಕು. ಹಳೆಯ ಹೆಸರನ್ನು ಕೊಂಡು ವಂಚಿಸುವವರಿದ್ದಾರೆ. ನಿಜವಾದ ಸಂಸ್ಥೆಯ ಅಂಚೆಪೆಟ್ಟಿಗೆಗೇ ಕನ್ನ ಹಾಕುವವರೂ ಇದ್ದಾರೆ. ಹೊಸ ದಿನಾಂಕ ಕಂಡರೆ ಸಂಶಯ ಪಡಬೇಕು, ಆದರೆ ಹಳೆಯ ದಿನಾಂಕ ಕಂಡಿತೆಂದು ನಂಬಿಬಿಡಬಾರದು. ಖಾತೆ ಬದಲಾವಣೆಯ ಸೂಚನೆ ಬಂದಾಗ ಮೊದಲಿನಿಂದ ಬಲ್ಲ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳುವುದೇ ಸರಿ. ಹಣ ಕಳೆದುಕೊಂಡರೆ ತಡಮಾಡದೆ 1930 ಸಹಾಯವಾಣಿಗೆ ದೂರು ನೀಡಬೇಕು. ಭಾರತೀಯ ಬ್ಯಾಂಕುಗಳು 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ಪ್ರತ್ಯೇಕ ಹೆಸರುಗಳಿಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಸೂಚಿಸಿದ್ದೂ ಇಂಥ ಮೋಸವನ್ನು ತಡೆಯುವ ಸಲುವಾಗಿಯೇ.

ಮಾಡಬೇಕಾದುದು

ಮೊದಲಿಗೆ ಸಂಸ್ಥೆಯ ಹೆಸರನ್ನು ಹೂಈಸ್‌ನಲ್ಲಿ ವಿಚಾರಿಸಿ ಉತ್ತರವನ್ನು ಮುದ್ರಿಸಿ ಕಡತದಲ್ಲಿಡಬೇಕು. ನೋಂದಣಿದಾರನ ಸ್ಥಾನದಲ್ಲಿ ವಿನ್ಯಾಸಕಾರನ ಹೆಸರಿದ್ದರೆ, ಬಾಂಧವ್ಯ ಚೆನ್ನಾಗಿರುವಾಗಲೇ ಸಂಸ್ಥೆಯ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ರಿಜಿಸ್ಟ್ರಾರನ ಖಾತೆಯ ಪಾಸ್‌ವರ್ಡ್ ಮಾಲೀಕನ ಬಳಿಯೇ ಇರಬೇಕು. ಸಂಪರ್ಕದ ಇ-ಮೇಲ್ ಅದೇ ಡೊಮೈನಿನದಾಗಿರದೆ ಬೇರೆಯದಾಗಿರಬೇಕು. ಅವಧಿ ಮುಗಿಯುವ ದಿನಾಂಕವನ್ನು ಲೆಕ್ಕಿಗರ ತೆರಿಗೆ ಪಟ್ಟಿಯಲ್ಲಿ, ವಿಮೆ ಮತ್ತು ಟ್ರೇಡ್ ಲೈಸೆನ್ಸಿನ ಸಾಲಿನಲ್ಲಿಯೇ ಬರೆಸಬೇಕು.

ಪ್ರತಿ ವರ್ಷ ಆಯುಧಪೂಜೆಯಂದು ಅಂಗಡಿಯ ತಕ್ಕಡಿಯಿಂದ ಹಿಡಿದು ಗಣಕಯಂತ್ರದವರೆಗೆ ಎಲ್ಲಕ್ಕೂ ಕುಂಕುಮ ಹಚ್ಚುವ ಸಂಪ್ರದಾಯ ನಮ್ಮಲ್ಲಿದೆ. ಅದೇ ದಿನ ಆ ಗಣಕಯಂತ್ರದಲ್ಲಿ ಒಂದು ಸಾಲು ಬೆರಳಚ್ಚಿಸಿ ಸಂಸ್ಥೆಯ ಹೆಸರಿನ ಪಹಣಿಯನ್ನೂ ನೋಡುವ ರೂಢಿ ಮಾಡಿಕೊಂಡರೆ, ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರು ಮರೆವಿನಿಂದ ಪರರ ಪಾಲಾಗುವುದು ತಪ್ಪುತ್ತದೆ.