ಲಸಿಕೆ ಹೊರುವ ವೈರಸ್

ನಮ್ಮ ಹಂದನಕೆರೆಯ ಕೆರೆಯಲ್ಲಿ ನೀರಿರುವಾಗ ಒಂದು ಚಮಚ ಎತ್ತಿದರೂ ಅದರಲ್ಲಿ ಕೋಟಿಗಟ್ಟಲೆ ವೈರಸ್‌ಗಳಿರುತ್ತವೆ. ಹೆದರಬೇಕಿಲ್ಲ, ಅವುಗಳಲ್ಲಿ ಬಹುಪಾಲು ಮನುಷ್ಯರ ತಂಟೆಗಾಗಲಿ ದನಗಳ ತಂಟೆಗಾಗಲಿ ಬರುವುದಿಲ್ಲ. ಬ್ಯಾಕ್ಟೀರಿಯಾವನ್ನು ಮಾತ್ರ ಹಿಡಿದು ತಿನ್ನುವ ಇವುಗಳ ಹೆಸರು ಬ್ಯಾಕ್ಟೀರಿಯೊಫೇಜ್, ಚಿಕ್ಕದಾಗಿ ಫೇಜ್. ತಿಪ್ಪೆ, ಗಂಜಲದ ಗುಂಡಿ, ನಮ್ಮದೇ ಕರುಳು, ಎಲ್ಲೆಡೆ ಇವೆ. ಸೋಂಕು ವಾಸಿ ಮಾಡಲು ಇವನ್ನು ಬಳಸುವ ಯತ್ನಕ್ಕೆ ನೂರು ವರ್ಷವಾಯಿತು. ಈಗ ನಡೆಯುತ್ತಿರುವುದು ಬೇರೆ ಕೆಲಸ: ಫೇಜ್‌ನ ಕವಚದ ಮೇಲೆ ಲಸಿಕೆಯನ್ನು ಹೇರಿ ದೇಹದೊಳಕ್ಕೆ ಕಳಿಸುವುದು.

ಈ ದಾರಿಯಲ್ಲಿ ಬಹಳ ದೂರ ಸಾಗಿರುವವರಲ್ಲಿ ಒಬ್ಬರು ವೆನಿಗಳ್ಳ ರಾವ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿ, ವಾಷಿಂಗ್ಟನ್‌ನ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ದಶಕಗಳಿಂದ ಟಿ4 ಎಂಬ ಒಂದೇ ಫೇಜ್‌ನ ಬೆನ್ನುಹತ್ತಿದವರು. ಟಿ4 ತಲೆಯ ಉದ್ದ 120 ನ್ಯಾನೊಮೀಟರ್, ಅಗಲ 86. ಅದರ ಹೊರಮೈಗೆ ಸಾಕ್ ಎಂಬ ಪ್ರೋಟೀನಿನ 870 ಪ್ರತಿಗಳೂ ಹಾಕ್ ಎಂಬುದರ 155 ಪ್ರತಿಗಳೂ ಅಂಟಿಕೊಂಡಿರುತ್ತವೆ. ಇವೆರಡೂ ಇಲ್ಲದಿದ್ದರೂ ಫೇಜ್ ಬದುಕುತ್ತದೆ. ಹಾಗಾಗಿ ರೋಗಾಣುವಿನ ಪ್ರೋಟೀನನ್ನು ಇವಕ್ಕೆ ಬೆಸೆದರೆ ಕವಚದ ತುಂಬ ಅದೇ ಗುರುತು ಸಾಲುಸಾಲಾಗಿ ಮೂಡುತ್ತದೆ. ನಮ್ಮ ರೋಗನಿರೋಧಕ ಕೋಶಗಳಿಗೆ ಬೇಕಾದದ್ದೂ ಅದೇ. ಬಿಡಿ ಪ್ರೋಟೀನನ್ನು ಉಪೇಕ್ಷಿಸುವ ಅವು, ಒತ್ತಾಗಿ ಜೋಡಿಸಿದ ನೂರಾರು ಪ್ರತಿಗಳನ್ನು ಕಂಡರೆ ಎಚ್ಚೆತ್ತುಕೊಳ್ಳುತ್ತವೆ. 2022ರಲ್ಲಿ ಈ ತಂಡ ಟಿ4 ಆಧರಿತ ಕೋವಿಡ್ ಲಸಿಕೆಯನ್ನು ಇಲಿಗಳ ಮೂಗಿಗೆ ಬಿಟ್ಟು ನೋಡಿತು. ಸೂಜಿ ಇಲ್ಲ, ಪರಿಣಾಮ ಹೆಚ್ಚಿಸುವ ಸೇರ್ಪಡೆ ಮದ್ದೂ ಇಲ್ಲ. ಆದರೂ ರಕ್ತದಲ್ಲಷ್ಟೇ ಅಲ್ಲ, ಶ್ವಾಸಕೋಶದ ಲೋಳೆಪದರದಲ್ಲೂ ಪ್ರತಿಕಾಯ ಹುಟ್ಟಿತು. ಶೀತಲಪೆಟ್ಟಿಗೆಯ ಹೊರಗೂ ಆ ಲಸಿಕೆ ಕೆಡಲಿಲ್ಲ.

ಕ್ಯಾನ್ಸರ್‌ನಲ್ಲಿ ಈ ಉಪಾಯ ಮನುಷ್ಯರವರೆಗೂ ಬಂದಿದೆ. ಕ್ಯೂಬೀಟಾ ಎಂಬ ಇನ್ನೊಂದು ಫೇಜ್‌ನ ಕವಚದೊಳಗೆ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಡಿಎನ್‌ಎ ತುಣುಕನ್ನು ತುಂಬಿದ ಔಷಧಿ ವಿಡುಟೊಲಿಮೋಡ್. ಚಾಲ್ತಿಯಲ್ಲಿರುವ ಇಮ್ಯುನೊಥೆರಪಿಗೆ ಬಗ್ಗದ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ನ ಗೆಡ್ಡೆಗಳಿಗೇ ಇದನ್ನು ಚುಚ್ಚಿ, ಜೊತೆಗೆ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೊಥೆರಪಿ ಔಷಧಿ ಕೊಟ್ಟಾಗ, ಆರಂಭಿಕ ಹಂತದ ಪ್ರಯೋಗದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರ ಗೆಡ್ಡೆ ಕುಗ್ಗಿತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಮಾತ್ರ ಬೆಂಗಳೂರಿನಲ್ಲೇ ನಡೆದ ಒಂದು ಕೆಲಸ. ಅದು ಫೇಜ್ ಅಲ್ಲ, ಫೇಜ್‌ನಂತೆಯೇ ನಮಗೆ ಅಪಾಯ ಮಾಡದ ಸಸ್ಯ ವೈರಸ್. ವೀಳ್ಯದೆಲೆ ಬಳ್ಳಿ ಹಬ್ಬಿಸಲು, ಮೇಕೆಗೆ ಸೊಪ್ಪು ಹಾಕಲು ನೆಡುವ ಚೊಗಚೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಅದಕ್ಕೆ ತಗಲುವ ಸೆಸ್ಬೇನಿಯಾ ಮೊಸಾಯಿಕ್ ವೈರಸ್‌ನ ರಚನೆಯನ್ನು ವಿಜ್ಞಾನ ಸಂಸ್ಥೆಯ ಎಚ್.ಎಸ್. ಸಾವಿತ್ರಿ ಮತ್ತು ಎಂ.ಆರ್.ಎನ್. ಮೂರ್ತಿ ವರ್ಷಾನುಗಟ್ಟಲೆ ಬಿಡಿಸಿ ನೋಡಿದರು. ಪ್ರತಿಕಾಯಗಳು ಜೀವಕೋಶದ ಪೊರೆ ದಾಟಲಾರವು ಎಂಬುದು ಚಿಕಿತ್ಸೆಯಲ್ಲಿ ಹಳೆಯ ತೊಡಕು. ಈ ವೈರಸ್‌ನ ಖಾಲಿ ಕವಚಕ್ಕೆ ಪ್ರತಿಕಾಯವನ್ನು ಕಚ್ಚಿಹಿಡಿಯುವ ಪ್ರೋಟೀನಿನ ತುಂಡೊಂದನ್ನು ಸೇರಿಸಿದಾಗ ಅದು ಮೂರು ಬಗೆಯ ಪ್ರತಿಕಾಯಗಳನ್ನು ಕೋಶದೊಳಕ್ಕೆ ಹೊತ್ತೊಯ್ದಿತು. ಅವುಗಳಲ್ಲಿ ಒಂದು ಗುಲಗಂಜಿಯ ವಿಷಕ್ಕೆ ಎದುರಾಳಿ, ಇನ್ನೊಂದು ಸ್ತನ ಕ್ಯಾನ್ಸರ್‌ಗೆ ಕೊಡುವ ಔಷಧಿ. ಈ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಹಿತ್ತಿಲ ಗಿಡದ ರೋಗವನ್ನು ಇಷ್ಟು ಶ್ರದ್ಧೆಯಿಂದ ಓದಿದ್ದಕ್ಕೆ ಸಿಕ್ಕ ಫಲ ಅದು.

ಇಷ್ಟೆಲ್ಲ ಹಂದನಕೆರೆಗೆ ಏಕೆ ಬೇಕು? ನಮ್ಮ ಹೋಬಳಿಯಲ್ಲಿ ತೆಂಗಿನಷ್ಟೇ ಮನೆ ಹಿಡಿದು ನಿಲ್ಲಿಸಿರುವುದು ಹಸು. ಡೇರಿಗೆ ಹಾಲು ಹಾಕುವ ಮನೆಗೆ ಕಾಲುಬಾಯಿ ಜ್ವರ ಹೊಕ್ಕರೆ ತಿಂಗಳುಗಟ್ಟಲೆ ಸಂಪಾದನೆ ನಿಂತುಹೋಗುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ವರ್ಷಕ್ಕೆರಡು ಬಾರಿ ಲಸಿಕೆ ಹಾಕುತ್ತಾರೆ. ಓ, ಎ, ಏಷ್ಯಾ-1 ಎಂಬ ಮೂರು ಬಗೆಯ ವೈರಸ್‌ಗಳನ್ನು ನಿಷ್ಕ್ರಿಯಗೊಳಿಸಿ ತಯಾರಿಸಿದ ಈ ಲಸಿಕೆಯ ಕವಚ ಬಿಸಿಲಿಗೆ ಚೂರುಚೂರಾಗುತ್ತದೆ. ಅದಕ್ಕೇ 2ರಿಂದ 8 ಡಿಗ್ರಿಯೊಳಗೆ, ಐಸ್ ಬಾಕ್ಸಿನಲ್ಲೇ ಹಟ್ಟಿಯಿಂದ ಹಟ್ಟಿಗೆ ಒಯ್ಯಬೇಕು. ಕರೆಂಟು ಕೈಕೊಟ್ಟು ದಾಸ್ತಾನು ಕೆಟ್ಟರೆ ಚುಚ್ಚಿದ್ದೂ ವ್ಯರ್ಥ, ಕೆಟ್ಟದ್ದು ಕಣ್ಣಿಗೆ ಕಾಣುವುದೂ ಇಲ್ಲ.

ಅಗ್ಗದ ಸಾರಿನಲ್ಲಿ ಬೆಳೆಸಿದ ಇ. ಕೋಲಿ ಬ್ಯಾಕ್ಟೀರಿಯಾದಿಂದಲೇ ಸಿಗುವ, ಸೆಕೆಗೆ ಜಗ್ಗದ, ಒಂದೇ ಮೈಮೇಲೆ ಹಲವು ರೋಗಗಳ ಗುರುತು ಹೊರಬಲ್ಲ ಫೇಜ್ ಕವಚದ ಬಗ್ಗೆ ನನಗೆ ಆಸೆ ಹುಟ್ಟಿದ್ದು ಇದಕ್ಕೇ. ತೊಡಕುಗಳು ಸಣ್ಣವಲ್ಲ. ಇ. ಕೋಲಿಯ ವಿಷಾಂಶ ಉಳಿದರೆ ಜ್ವರ ಬರುತ್ತದೆ, ಆದ್ದರಿಂದ ಶುದ್ಧೀಕರಣ ಕಟ್ಟುನಿಟ್ಟಾಗಿರಬೇಕು. ಎರಡನೇ ಡೋಸಿನ ಹೊತ್ತಿಗೆ ದೇಹ ಕವಚದ ಮೇಲೂ ಪ್ರತಿಕಾಯ ಕಟ್ಟಿರುತ್ತದೆ. ಎಲ್ಲಕ್ಕಿಂತ ಕಷ್ಟದ್ದು, ಕಾಲುಬಾಯಿ ವೈರಸ್‌ನ ಬಿಡಿ ತುಣುಕುಗಳು ಹಸುಗಳಲ್ಲಿ ಇಡೀ ವೈರಸ್‌ನಷ್ಟು ರಕ್ಷಣೆ ಕೊಟ್ಟಿಲ್ಲ. ಫೇಜ್ ಮೇಲೆ ಒತ್ತೊತ್ತಾಗಿ ಜೋಡಿಸಿದರೆ ಆ ಕೊರತೆ ಎಷ್ಟು ತುಂಬೀತು ಎಂಬುದನ್ನು ಇಲಿಗಳಲ್ಲಿ ನೋಡಿದರೆ ಸಾಲದು, ಹಸುಗಳಲ್ಲೇ ನೋಡಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಕಾಲುಬಾಯಿ ರೋಗದ ಮೇಲೆ ಕೆಲಸ ಮಾಡುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ವೈರಸ್ ಕವಚಗಳನ್ನು ಬಲ್ಲ ವಿಜ್ಞಾನ ಸಂಸ್ಥೆಯಿದೆ. ಈ ಪರೀಕ್ಷೆಗೆ ಹಣ ಹೂಡುವುದು ಸರ್ಕಾರದ ಕೆಲಸ.