ತೊಗಲಿನ ಬೆರಳು, ಮೂವರ ಹೆಸರು

ಅಥಣಿಯ ಚಪ್ಪಲಿ ಮಾಡುವ ಓಣಿಗೆ ಬೆಳಗಾಗುವುದೇ ಏಟಿನ ಸದ್ದಿನಿಂದ. ನೆನೆಸಿದ ಎಮ್ಮೆ ತೊಗಲನ್ನು ಕಲ್ಲಿನ ಮೇಲೆ ಹಾಸಿ ಬಡಿಯುತ್ತಾರೆ. ಒಂದು ಮನೆಯ ಏಟು ನಿಲ್ಲುವುದರೊಳಗೆ ಎದುರು ಮನೆಯದು ಶುರು. ಗಾಳಿಯಲ್ಲಿ ಜಾಲಿ ತೊಗಟೆಯ, ಅಳಲೆಕಾಯಿಯ ಒಗರು. ಗಂಡಸರು ರಂಪಿಗೆ ಹಿಡಿದು ಅಟ್ಟೆ ಕೊಯ್ಯುತ್ತಾರೆ. ಹೊಸ್ತಿಲ ಬೆಳಕಿಗೆ ಕುಳಿತ ಹೆಂಗಸರು ಸಣ್ಣ ಎಳೆ ಹೆಣೆಯುತ್ತಾರೆ. ಮೊಳೆ ಇಲ್ಲ, ಹೊಲಿಯುವ ದಾರವೂ ತೊಗಲೇ. ಕಾಗವಾಡದ ದಾರಿ ಹಿಡಿದ ಟ್ರ್ಯಾಕ್ಟರೊಂದು ಉಗಾರದ ಕಾರ್ಖಾನೆಗೆ ಕಬ್ಬು ಹೊತ್ತು, ಕಿವಿ ಕಿತ್ತುಹೋಗುವಂತೆ ಹಾಡು ಹಚ್ಚಿಕೊಂಡು ಹೋಗುತ್ತದೆ. ಓಣಿಯ ಏಟು ಮಾತ್ರ ತಾಳ ತಪ್ಪುವುದಿಲ್ಲ.

ಇಲ್ಲಿ ನಿಂತರೆ ನನಗೆ ಬ್ರಿಟನ್ನಿನ ರಾಕ್ ತಂಡ ಬ್ಲ್ಯಾಕ್ ಸಬ್ಬತ್ ನೆನಪಾಗುತ್ತದೆ. ನಗಬೇಡಿ, ಹೆವಿ ಮೆಟಲ್‌ನ ಬುಡದಲ್ಲೇ ಒಂದು ಚೂರು ತೊಗಲಿದೆ.

ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಹದಿನೇಳರ ಹುಡುಗ ಟೋನಿ ಐಯೋಮಿಗೆ ಅದು ಕೆಲಸದ ಕಡೆಯ ದಿನ. ಯಂತ್ರ ಅವನ ಬಲಗೈಯ ಎರಡು ಬೆರಳ ತುದಿ ಕಿತ್ತುಕೊಂಡಿತು. ಎಡಚನಾದ್ದರಿಂದ ಗಿಟಾರಿನ ತಂತಿ ಒತ್ತುವ ಕೈ ಅದೇ. ಹುಡುಗ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಜಾರದಿರಲೆಂದು ಹಳೇ ಜಾಕೆಟ್ಟಿನ ತೊಗಲು ಅಂಟಿಸಿದ. ನೋವಾಗದಿರಲೆಂದು ಬ್ಯಾಂಜೋದ ತೆಳು ತಂತಿ ಕಟ್ಟಿದ, ಮುಂದೆ ಶ್ರುತಿಯನ್ನೇ ಇಳಿಸಿದ. ಸಡಿಲ ತಂತಿಯ ಆ ಮಂದ್ರದ ಗುಡುಗನ್ನೇ ಲೋಕ ಹೆವಿ ಮೆಟಲ್ ಎಂದು ಕೇಳಿತು.

ಐಯೋಮಿ, ಹಾಡುಗಾರ ಆಜಿ ಆಸ್ಬರ್ನ್, ಬೇಸ್ ನುಡಿಸುವ ಗೀಜರ್ ಬಟ್ಲರ್, ಡ್ರಮ್ಮಿನ ಬಿಲ್ ವಾರ್ಡ್ ಸೇರಿ ಸಬ್ಬತ್‌ನ ಮೊದಲ ಆಲ್ಬಂ ಮುದ್ರಿಸಿದ್ದು ಒಂದೇ ದಿನದಲ್ಲಿ. ಅದು ಹೊರಬಂದದ್ದು ಫೆಬ್ರುವರಿ 1970ರಲ್ಲಿ. ಕೊನೆಯದಕ್ಕೆ ಮಾತ್ರ ವರ್ಷಗಳೇ ಹಿಡಿದವು. 2011ರ ನವೆಂಬರ್ 11ರಂದು ನಾಲ್ವರೂ ಒಂದೇ ವೇದಿಕೆಯಲ್ಲಿ ನಿಂತು ಮತ್ತೆ ಕೂಡಿದೆವು ಎಂದರು. ಎರಡೇ ತಿಂಗಳಲ್ಲಿ ಐಯೋಮಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಇರುವ ಸುದ್ದಿ ಬಂತು. ಫೆಬ್ರುವರಿಯಲ್ಲಿ ವಾರ್ಡ್, ತಾನು ಸಹಿ ಹಾಕಬಹುದಾದಂಥ ಕರಾರು ಕೊಡದೆ ಬರುವುದಿಲ್ಲ ಎಂದ. ಕರಾರು ಬರಲಿಲ್ಲ. ಅವನ ದೇಹಕ್ಕೆ ತಾಳುವ ಶಕ್ತಿ ಇಲ್ಲವೆಂದು ಆಜಿ ಆಮೇಲೆ ಹೇಳಿದ. ಆಜಿ ಕ್ಷಮೆ ಕೇಳಬೇಕೆಂದು ವಾರ್ಡ್ ಪಟ್ಟು ಹಿಡಿದ.

ಐಯೋಮಿ ಚಿಕಿತ್ಸೆಯ ನಡುವೆಯೇ ಗಿಟಾರ್ ನುಡಿಸಿದ. ಡ್ರಮ್ಮಿಗೆ ಬ್ರಾಡ್ ವಿಲ್ಕ್ ಬಂದ. 2013ರ ಜೂನಿನಲ್ಲಿ ಹೊರಬಂದ ಆ ಕೊನೆಯ ಆಲ್ಬಂ ‘13’, ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲನೆಯದಾಯಿತು. 1970ರ ‘ಪ್ಯಾರನಾಯ್ಡ್’ ನಂತರ ತಂಡಕ್ಕೆ ಆ ಜಾಗ ಸಿಕ್ಕಿರಲಿಲ್ಲ. ಆಲ್ಬಂ ಮುಗಿಯುವುದು ಮಳೆ, ಗುಡುಗು, ಗಂಟೆಯ ಸದ್ದಿನಲ್ಲಿ. ಮೊದಲ ಆಲ್ಬಂ ಆರಂಭವಾಗಿದ್ದೂ ಹಾಗೆಯೇ. ಆದರೂ ನನ್ನ ಕಿವಿಗೆ ಒಂದು ಕೊರತೆ. ವಾರ್ಡ್ ಏಟಿನಲ್ಲಿ ಜಾಝ್‌ನ ತೂಗಾಟವಿತ್ತು. ವಿಲ್ಕ್ ಗೆರೆ ಎಳೆದಂತೆ ನೇರ. ಹಾಡು ಕಟ್ಟಿದವರೆಂದು ಅಚ್ಚಾದದ್ದು ಮೂರೇ ಹೆಸರು.

ಹೆಸರಿನ ತಕರಾರು ಅಥಣಿಗೆ ಚೆನ್ನಾಗಿ ಗೊತ್ತು. ಇಲ್ಲಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಲ್ಲಿ ಹೊಲಿದ ಜೋಡಿಯೂ ಅಂಗಡಿಯಲ್ಲಿ ಕೊಲ್ಹಾಪುರಿಯೇ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು, ಬೆಳಗಾವಿಯೂ ಅದರಲ್ಲಿತ್ತು. ಹೆಸರು ಮಾತ್ರ ಗಡಿಯಾಚೆಯದೇ. 2025ರ ಜೂನಿನಲ್ಲಿ ಇಟಲಿಯ ಫ್ಯಾಷನ್ ಸಂಸ್ಥೆ ಪ್ರಾಡಾ ಮಿಲಾನಿನ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೊಡಿಸಿ, ಮೂಲ ಹೇಳದೆ ನಡೆಸಿತು. ಗಲಾಟೆ ಎದ್ದ ಮೇಲೆ ಭಾರತದ ಕೈಕಸುಬಿನಿಂದ ಪ್ರೇರಣೆ ಎಂದು ಒಪ್ಪಿತು.

ಅದೇ ಬೇಸಿಗೆಯಲ್ಲಿ, ಜುಲೈ 5ರಂದು, ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಸಬ್ಬತ್ ಕೊನೆಯ ಬಾರಿ ನುಡಿಸಿತು. ಪಾರ್ಕಿನ್ಸನ್ ಕಾಯಿಲೆಯ ಆಜಿ ಸಿಂಹಾಸನದಲ್ಲಿ ಕುಳಿತೇ ಹಾಡಿದ. ಜುಲೈ 22ಕ್ಕೆ ತೀರಿಕೊಂಡ. 2017ರ ವಿದಾಯ ಕಛೇರಿಗೂ ಬಾರದಿದ್ದ ವಾರ್ಡ್ ಈ ಸಲ ಡ್ರಮ್ಮಿನ ಹಿಂದಿದ್ದ. ನಾಲ್ಕು ಹಾಡು ನುಡಿಸಿದರು, ನಾಲ್ಕೂ 1970ರವು, ನಾಲ್ವರ ಹೆಸರಿನಲ್ಲೇ ಇರುವವು. ‘13’ರಿಂದ ಒಂದನ್ನೂ ಎತ್ತಿಕೊಳ್ಳಲಿಲ್ಲ.